ಯಂತ್ರ ಬತ್ತಲಿರಲಿ, ಸವಾರನಲ್ಲ

ಮೋಟಾರ್‌ಸೈಕಲ್ ಮಾರುಕಟ್ಟೆಯಲ್ಲಿ ‘ನೇಕೆಡ್’ ಎಂಬ ಪದ ಈಗ ಬಹುವಾಗಿ ಚಲಾವಣೆಯಲ್ಲಿದೆ. ಬತ್ತಲೆ ಎಂಬ ಅರ್ಥದ ಈ ಪದ ಮೊದಲು ಕಿವಿಗೆ ಬಿದ್ದಾಗ ಹಿರಿಯರಿಗೆ ಮುಜುಗರವಾದೀತಾದರೂ ಅದರ ತಾತ್ಪರ್ಯ ಸರಳವಾದುದು. ಎಂಜಿನ್, ಚೌಕಟ್ಟು, ಸೈಲೆನ್ಸರ್ ಇವಾವುದನ್ನೂ ಪ್ಲಾಸ್ಟಿಕ್ ಹೊದಿಕೆಯಿಂದ ಮುಚ್ಚದೆ, ಸವಾರನ ಎದುರು ಗಾಳಿ ತಡೆಯುವ ಗಾಜನ್ನೂ ಇಡದೆ, ಯಂತ್ರವನ್ನು ಇದ್ದಂತೆಯೇ ಬಿಟ್ಟಿರುವ ಗಾಡಿ ಅದು. ಆ ಹೊದಿಕೆಗೆ ಉದ್ಯಮದ ಭಾಷೆಯಲ್ಲಿ ಫೇರಿಂಗ್ ಎಂದು ಹೆಸರು. ಫೇರಿಂಗ್ ಇಲ್ಲದ ಗಾಡಿಯೇ ನೇಕೆಡ್. ಈ ಲೆಕ್ಕದಲ್ಲಿ ಹಾಲಿನ ಕ್ಯಾನು, ಗೊಬ್ಬರದ ಚೀಲ, ಕೆಲವೊಮ್ಮೆ ಇಡೀ ಸಂಸಾರವನ್ನೇ ಹೊತ್ತು ಹಳ್ಳಿಯ ರಸ್ತೆಗಳಲ್ಲಿ ಓಡಾಡುವ ನೂರು ಸಿ.ಸಿ.ಯ ಗಾಡಿಗಳೂ ಬಹುಮಟ್ಟಿಗೆ ಇದೇ ಕುಲಕ್ಕೆ ಸೇರಿದವು. ಅವುಗಳ ಒಡೆಯರಿಗೆ ಆ ಹೆಸರು ತಿಳಿದಿಲ್ಲ, ಅಷ್ಟೆ.

ಕಲಬುರಗಿ ಜಿಲ್ಲೆಯ ಕೊಡ್ಲಿ ನನ್ನ ಊರು. ಸರ್ಕಾರಿ ಸೇವೆಯಿಂದ ನಿವೃತ್ತನಾದ ಬಳಿಕ ವರ್ಷದ ಹೆಚ್ಚಿನ ಭಾಗವನ್ನು ಅಲ್ಲಿಯೇ ಕಳೆಯುತ್ತಿದ್ದೇನೆ. ಆಗ ಕೊಂಡ 350 ಸಿ.ಸಿ.ಯ ಒಂಟಿ ಸಿಲಿಂಡರಿನ ಬತ್ತಲೆ ಮೋಟಾರ್‌ಸೈಕಲ್ ಮೇಲೆ ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ರಸ್ತೆಗಳನ್ನೆಲ್ಲ ಸುತ್ತಿದ್ದೇನೆ. ಈ ವಯಸ್ಸಿನಲ್ಲಿ ಕಾರು ಬಿಟ್ಟು ಇದೇಕೆ ಎಂದು ಕೇಳುವ ಮಿತ್ರರಿಗೆ ಕೊಡುವ ಉತ್ತರದಲ್ಲಿ ಸಂತೋಷದ ಮಾತಿನ ಜೊತೆಗೆ ಒಂದು ಆತಂಕದ ಮಾತೂ ಇದೆ. ಈ ಗಾಡಿಯ ಗುಣವೆಲ್ಲ ಯಂತ್ರವು ಬತ್ತಲೆಯಾಗಿರುವುದರಲ್ಲಿದೆ. ಅದರ ಅಪಾಯವೆಲ್ಲ ಸವಾರನೂ ಬತ್ತಲೆಯಾಗಿರುವುದರಲ್ಲಿದೆ. ಇವೆರಡನ್ನೂ ಬೇರೆ ಬೇರೆಯಾಗಿ ನೋಡಲು ನಾವು ಕಲಿಯಬೇಕಾಗಿದೆ.

ಹೊದಿಕೆ ಬಂದ ಬಗೆ

ಮೋಟಾರ್‌ಸೈಕಲ್ ಹುಟ್ಟಿದ್ದೇ ಬತ್ತಲೆಯಾಗಿ. ಸೈಕಲ್ಲಿನ ಚೌಕಟ್ಟಿಗೆ ಎಂಜಿನ್ ಕೂರಿಸಿದ ಕಾಲದಿಂದ ದಶಕಗಳವರೆಗೆ ಅದಕ್ಕೆ ಹೊದಿಕೆ ಬೇಕೆಂದು ಸಾಮಾನ್ಯ ಸವಾರನಿಗೆ ಅನ್ನಿಸಿರಲಿಲ್ಲ. ಹೊದಿಕೆ ಬಂದದ್ದು ಪಂದ್ಯದ ಮೈದಾನದಿಂದ. ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 40 ಕಿಲೋಮೀಟರಿನಿಂದ 80ಕ್ಕೆ ಏರಿದರೆ ತಡೆ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಆದ್ದರಿಂದ ಪಂದ್ಯದವರು ಗಾಡಿಗೆ ನುಣುಪಾದ ಕವಚ ತೊಡಿಸಿದರು. 1976ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆ ತನ್ನ ಆರ್ 100 ಆರ್‌ಎಸ್ ಮಾದರಿಯ ಮೂಲಕ ಪೂರ್ಣ ಕವಚದ ಗಾಡಿಯನ್ನು ಸಾಮಾನ್ಯ ಗ್ರಾಹಕರಿಗೂ ಒದಗಿಸಿತು. ಎಂಬತ್ತರ ದಶಕದಲ್ಲಿ ಜಪಾನಿನ ಕಂಪನಿಗಳು ಪಂದ್ಯದ ಗಾಡಿಯನ್ನು ಹೋಲುವ ಬೈಕುಗಳನ್ನು ಮಾರುಕಟ್ಟೆಗೆ ತುಂಬಿದವು. ಇದಕ್ಕೆ ಪ್ರತಿಕ್ರಿಯೆಯೂ ಬೇಗನೆ ಬಂದಿತು. 1993ರಲ್ಲಿ ಮಾರುಕಟ್ಟೆಗೆ ಬಂದ ಇಟಲಿಯ ಡುಕಾಟಿ ಮಾನ್‌ಸ್ಟರ್ ಎಂಜಿನ್ನನ್ನೂ ಕೊಳವೆ ಚೌಕಟ್ಟನ್ನೂ ಬೇಕೆಂದೇ ಹೊರಗೆ ತೋರಿಸಿ ಗೆದ್ದಿತು. ಎಲ್ಲ ಗಾಡಿಗಳೂ ಬತ್ತಲೆಯಾಗಿದ್ದಾಗ ಬೇಕಿರದ ಹೆಸರು, ಮುಚ್ಚಿದ ಗಾಡಿಗಳು ಬಂದ ಮೇಲೆ ಬೇಕಾಯಿತು.

ನಮ್ಮಲ್ಲಿ ಈ ಚಕ್ರ ನಿಧಾನವಾಗಿ ತಿರುಗಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಬುಲೆಟ್, 1961ರಲ್ಲಿ ಮೈಸೂರಿನಲ್ಲಿ ಜಾವಾ, ಬಳಿಕ ರಾಜದೂತ್ ತಯಾರಾಗತೊಡಗಿದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ತಯಾರಿಸಿದ ಗಾಡಿಗಳನ್ನು ನನ್ನ ತಲೆಮಾರಿನ ಅಧಿಕಾರಿಗಳು, ಶಿಕ್ಷಕರು, ಗುತ್ತಿಗೆದಾರರು ಬಹಳ ಅಭಿಮಾನದಿಂದ ಕೊಂಡರು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ಮಡಿಸಿದರೆ ಗೇರಿನ ಸನ್ನೆ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಬರಪರಿಹಾರ ಕಾಮಗಾರಿಗಳ ತಪಾಸಣೆಗೆ ಓಡಾಡಿದ್ದು ಇಂಥದೊಂದು ಯೆಜ್ಡಿಯ ಮೇಲೆಯೇ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಹೊತ್ತಿಗಾಗಲೇ 1985ರಲ್ಲಿ ಬಂದ ಹೀರೋ ಹೊಂಡಾ ಸಿಡಿ 100, ಲೀಟರಿಗೆ ಹೆಚ್ಚು ಕಿಲೋಮೀಟರ್ ಎಂಬ ಹೊಸ ಲೆಕ್ಕವನ್ನು ದೇಶಕ್ಕೆ ಕಲಿಸಿಯಾಗಿತ್ತು. 2008ರಲ್ಲಿ ಯಮಹಾ ಒಂದೇ ವರ್ಷ ಪೂರ್ಣ ಕವಚದ ಆರ್ 15 ಮತ್ತು ಬತ್ತಲೆಯ ಎಫ್‌ಝಡ್ 16 ಗಾಡಿಗಳನ್ನು ಬಿಟ್ಟಾಗ ಭಾರತದ ಯುವಕನಿಗೆ ಮೊದಲ ಬಾರಿಗೆ ಎರಡರ ನಡುವಿನ ಆಯ್ಕೆ ಕೈಗೆಟುಕುವ ಬೆಲೆಯಲ್ಲಿ ಎದುರಾಯಿತು.

ಕಣ್ಣಿಗೆ ಕಾಣುವ ಯಂತ್ರ

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಜಾರ್ಜ್ ಅಕರ್‌ಲಾಫ್ ಅವರ ಹೆಸರು ಪರಿಚಿತ. ಹಳೆಯ ಕಾರುಗಳ ಮಾರುಕಟ್ಟೆಯ ಬಗೆಗೆ 1970ರಲ್ಲಿ ಅವರು ಬರೆದ ಪ್ರಬಂಧ ಪ್ರಸಿದ್ಧವಾದುದು. 2001ರಲ್ಲಿ ಅವರು ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ಮಾರುವವನಿಗೆ ಗಾಡಿಯ ದೋಷ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ಅಸಮತೋಲನದಿಂದ ಒಳ್ಳೆಯ ಗಾಡಿಗಳು ಸಂತೆಯಿಂದ ಹಿಂದೆ ಸರಿದು ಕೆಟ್ಟವು ಉಳಿಯುತ್ತವೆ ಎಂಬುದು ಅದರ ಸಾರ. ಬತ್ತಲೆ ಮೋಟಾರ್‌ಸೈಕಲ್ ಈ ಅಸಮತೋಲನವನ್ನು ಒಂದಿಷ್ಟು ತಗ್ಗಿಸುತ್ತದೆ. ಸಿಲಿಂಡರಿನ ಬುಡದಲ್ಲಿ ಎಣ್ಣೆ ಜಿನುಗಿದ್ದರೆ, ಬಿದ್ದು ಎಂಜಿನ್ನಿನ ಪಕ್ಕೆಗೆ ಪೆಟ್ಟಾಗಿದ್ದರೆ, ಚೌಕಟ್ಟಿಗೆ ಬೆಸುಗೆ ಹಾಕಿದ್ದರೆ, ಚೈನು ಸವೆದು ಜೋಲು ಬಿದ್ದಿದ್ದರೆ ಅದೆಲ್ಲ ಕಣ್ಣಿಗೆ ಕಾಣುತ್ತದೆ. ಹೊದಿಕೆಯ ಗಾಡಿಯಲ್ಲಿ ಹೊಸ ಪ್ಲಾಸ್ಟಿಕ್ ಹಾಕಿಸಿ ಹಳೆಯ ಗಾಯವನ್ನು ಮರೆಮಾಚುವುದು ಕಷ್ಟವಲ್ಲ. ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ಎಣಿಸುವ ರೈತನಿಗೆ ಬತ್ತಲೆ ಗಾಡಿಯನ್ನು ಪರೀಕ್ಷಿಸುವ ರೀತಿಯನ್ನು ಪ್ರತ್ಯೇಕವಾಗಿ ಹೇಳಿಕೊಡಬೇಕಾಗಿಲ್ಲ.

ಇಟ್ಟುಕೊಳ್ಳುವ ಖರ್ಚಿನಲ್ಲಿಯೂ ಇದೇ ನ್ಯಾಯ. ನಿಂತ ಗಾಡಿ ಪಕ್ಕಕ್ಕೆ ಉರುಳಿದರೆ ಬತ್ತಲೆ ಗಾಡಿಯಲ್ಲಿ ಸಾಮಾನ್ಯವಾಗಿ ಬಾಗುವುದು ಕ್ಲಚ್ಚಿನ ಹಿಡಿಕೆ, ಒಡೆಯುವುದು ಇಂಡಿಕೇಟರ್. ಕವಚದ ಗಾಡಿಯಲ್ಲಿ ಅದೇ ಉರುಳು ಒಂದು ಇಡೀ ಫಲಕವನ್ನು ಸೀಳುತ್ತದೆ. ವಿಮೆ ಇದೆಯಲ್ಲ ಎಂದರೆ, ಸಾಮಾನ್ಯ ವಿಮಾ ನಿಯಮದಂತೆ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಶೇ 50ನ್ನು ಸವಕಳಿಯೆಂದು ಕಳೆಯುತ್ತಾರೆ. ಹೆಚ್ಚುವರಿ ಕಂತು ಕಟ್ಟಿ ಸವಕಳಿ ರಹಿತ ವಿಮೆ ಪಡೆಯದವನು ಆ ಅರ್ಧವನ್ನು ತನ್ನ ಜೇಬಿನಿಂದಲೇ ತೆರಬೇಕು.

ಕಾಣುವ ಯಂತ್ರದ ಇನ್ನೊಂದು ಲಾಭ ಅದು ತನ್ನ ಒಡೆಯನನ್ನು ಯಂತ್ರಜ್ಞಾನದ ವಿದ್ಯಾರ್ಥಿಯನ್ನಾಗಿ ಮಾಡುವುದು. ಸೇಡಂ, ವಾಡಿ, ಮಳಖೇಡ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳ ನಡುವೆ ಓಡಾಡಿ ಬಂದರೆ ಚೈನಿನ ಎಣ್ಣೆಗೆ ಬೂದಿ ಬಣ್ಣದ ದೂಳು ಅಂಟಿ ಅರದಂತೆ ಹಲ್ಲುಗಳನ್ನು ತಿನ್ನುತ್ತದೆ. ಸುಮಾರು 500 ಕಿಲೋಮೀಟರಿಗೊಮ್ಮೆ ಚೈನು ಒರೆಸಿ ಎಣ್ಣೆ ಬಿಡಬೇಕು ಎಂಬ ಕೈಪಿಡಿಯ ಮಾತನ್ನು ಅಲ್ಲಿ ಅದಕ್ಕಿಂತ ಬೇಗ ಪಾಲಿಸಬೇಕಾಗುತ್ತದೆ. ಬೆಳಿಗ್ಗೆ ಗಾಡಿ ಒರೆಸುವ ಹತ್ತು ನಿಮಿಷದಲ್ಲಿ ಸಡಿಲವಾದ ನಟ್ಟು, ಬಿರುಕುಬಿಟ್ಟ ಕೊಳವೆ, ಸವೆದ ಬ್ರೇಕಿನ ಹಲ್ಲೆ ಎಲ್ಲವೂ ದೃಷ್ಟಿಗೆ ಬೀಳುತ್ತವೆ. ಕಂಡದ್ದನ್ನು ಸರಿಪಡಿಸುತ್ತೇವೆ, ಕಾಣದ್ದನ್ನು ಮುಂದೂಡುತ್ತೇವೆ. ಸರ್ಕಾರಿ ಕಡತಗಳ ವಿಷಯದಲ್ಲಿಯೂ ನನ್ನ ಅನುಭವ ಬೇರೆಯಲ್ಲ.

ಆದರೆ ಈ ಗುಣ ಈಗ ಸವೆಯುತ್ತಿದೆ ಎಂಬುದನ್ನೂ ಹೇಳಬೇಕು. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಯಾದ ಮೇಲೆ ಕಾರ್ಬೊರೇಟರಿನ ಜಾಗಕ್ಕೆ ಬಹುಪಾಲು ಇಂಧನ ಇಂಜೆಕ್ಷನ್, ಸಂವೇದಕಗಳು, ಪುಟ್ಟ ಗಣಕ ಬಂದಿವೆ. ಹೊಗೆ ಕಡಿಮೆಯಾಗಿದೆ, ಅದು ಸ್ವಾಗತಾರ್ಹ. ಆದರೆ ಎಂಜಿನ್ ಹೊರಗೆ ಬತ್ತಲೆಯಾಗಿ ಕಂಡರೂ ಅದರ ಬುದ್ಧಿ ಮಾತ್ರ ಮುಚ್ಚಿದ ಡಬ್ಬಿಯಲ್ಲಿದೆ. ನನ್ನ ಗಾಡಿಯ ಎಚ್ಚರಿಕೆ ದೀಪ ಒಮ್ಮೆ ಹೊತ್ತಿಕೊಂಡಾಗ ಊರಿನ ಹಿರಿಯ ಮಿಸ್ತ್ರಿ ಎಂಜಿನ್ನಿಗೆ ಕಿವಿಗೊಟ್ಟು ಕೇಳಿ ಕೈಚೆಲ್ಲಿದರು: ‘ಸಾಹೇಬ್ರ, ಹಳೀ ಗಾಡಿ ಇದ್ರ ಅದರ ರೋಗ ನನಗೇ ಹೇಳ್ತಿತ್ರಿ. ಇದು ಕಂಪ್ಯೂಟರ್‌ಗಷ್ಟೇ ಹೇಳ್ತದ.’ ಆ ಕಂಪ್ಯೂಟರ್ ಇದ್ದುದು ಜಿಲ್ಲಾ ಕೇಂದ್ರದ ಅಧಿಕೃತ ಕಾರ್ಯಾಗಾರವೊಂದರಲ್ಲಿ. ಒಂದು ಸಣ್ಣ ಸಂವೇದಕದ ತಂತಿ ಸಡಿಲವಾದದ್ದನ್ನು ತಿಳಿಯಲು ಎರಡು ದಿನ ಹಿಡಿಯಿತು. ಕೂಲಿಯ ದಿನವನ್ನು ಕಳೆದುಕೊಳ್ಳಲಾಗದ ರೈತನಿಗೆ ಈ ಎರಡು ದಿನಗಳ ಬೆಲೆ ನನಗಿಂತ ಹೆಚ್ಚು. ‘ದುರಸ್ತಿಯ ಹಕ್ಕು’ ಕುರಿತು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ರಚಿಸಿ ವಾಹನ ಕ್ಷೇತ್ರವನ್ನೂ ಅದರ ವ್ಯಾಪ್ತಿಗೆ ತಂದದ್ದು ಈ ಕಾರಣಕ್ಕೇ ಮಹತ್ವದ್ದು. ತೆರೆದು ನೋಡಲು ಬಾರದ ವಸ್ತುವಿನ ಒಡೆತನ ಪೂರ್ಣ ಒಡೆತನವಲ್ಲ.

ಗಾಳಿ, ಬಿಸಿಲು, ಎರೆಮಣ್ಣು

ಇನ್ನು ಸವಾರಿಯ ಮಾತು. ಕವಚವಿಲ್ಲದ ಗಾಡಿಯಲ್ಲಿ ಸವಾರ ನೆಟ್ಟಗೆ ಕೂರುತ್ತಾನೆ. ಹ್ಯಾಂಡಲ್ ಅಗಲವಾಗಿ, ಕೈಗೆ ಸಲೀಸಾಗಿ ಇರುತ್ತದೆ. ಬೆನ್ನು ಬಗ್ಗಿಸಿ ಟ್ಯಾಂಕಿನ ಮೇಲೆ ಮಲಗಬೇಕಾಗಿಲ್ಲವಾದ್ದರಿಂದ ಅರವತ್ತು ದಾಟಿದವರ ಸೊಂಟಕ್ಕೂ ಅದು ಒಗ್ಗುತ್ತದೆ. ಎತ್ತರದಲ್ಲಿ ಕುಳಿತವನಿಗೆ ರಸ್ತೆ ದೂರದವರೆಗೆ ಕಾಣುತ್ತದೆ. ಗಂಟೆಗೆ ಎಂಬತ್ತು ತೊಂಬತ್ತು ಕಿಲೋಮೀಟರ್ ಮುಟ್ಟುತ್ತಿದ್ದಂತೆ ಗಾಳಿ ಎದೆಯನ್ನು ಹಿಂದಕ್ಕೆ ತಳ್ಳತೊಡಗಿ, ಇನ್ನು ಸಾಕು ಎಂದು ತಾನೇ ಹೇಳುತ್ತದೆ. ವೇಗವನ್ನು ಅಂಕಿಯಾಗಿ ನೋಡುವುದಕ್ಕೂ ಎದೆಯ ಮೇಲಿನ ಭಾರವಾಗಿ ತಿಳಿಯುವುದಕ್ಕೂ ವ್ಯತ್ಯಾಸವಿದೆ.

ಕಾರಿನ ಕಿಟಕಿಯೊಳಗೆ ಸಿಗದ ಊರಿನ ಪರಿಚಯ ಈ ಆಸನದ ಮೇಲೆ ಸಿಗುತ್ತದೆ. ತೊಗರಿ ಹೂಬಿಡುವ ಕಾಲದಲ್ಲಿ ಹೊಲಗಳ ನಡುವಿನ ರಸ್ತೆ ಹಳದಿಯಾಗಿ ಕಾಣುವುದನ್ನು ಎಲ್ಲರೂ ನೋಡಬಹುದು. ಆ ಹೊಲದ ವಾಸನೆ ತಿಳಿಯುವುದು ಬತ್ತಲೆ ಗಾಡಿಯವನಿಗೆ. ಚಿಂಚೋಳಿಯ ಕಾಡಿನ ಕಡೆಗೆ ತಿರುಗಿದರೆ ಮರದ ನೆರಳು ಬಂದ ಕೂಡಲೇ ತೋಳಿಗೆ ತಂಪು ತಟ್ಟುತ್ತದೆ. ಶಹಾಬಾದಿನ ಫರಸಿ ಕಲ್ಲಿನ ಗಣಿಗಳ ಬಳಿ ಬಂದರೆ ಬಂಡೆಯ ಕಾವು ಮುಖಕ್ಕೆ ರಾಚುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ಕಾಗಿಣಾ ನದಿಯ ಸೇತುವೆ ದಾಟುವಾಗ ನೀರಿದೆಯೋ ಇಲ್ಲವೋ ಎಂಬುದನ್ನು ನೋಡುವ ಮೊದಲೇ ಚರ್ಮ ಹೇಳುತ್ತದೆ.

ಬಿಸಿಲಿನ ವಿಷಯದಲ್ಲಿ ಒಂದು ತಪ್ಪುಕಲ್ಪನೆ ವ್ಯಾಪಕವಾಗಿದೆ. ಗಾಡಿಯ ಮೇಲೆ ಗಾಳಿ ಬೀಸುವುದರಿಂದ ತೆಳ್ಳನೆಯ ಬಟ್ಟೆ ಸಾಕು, ತೋಳು ಬರಿದಾಗಿದ್ದರೆ ಇನ್ನೂ ತಂಪು ಎಂದು ಬೆಂಗಳೂರಿನಂಥ ಊರಿನವರು ತಿಳಿಯುತ್ತಾರೆ. ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಚರ್ಮದ ಉಷ್ಣಾಂಶಕ್ಕಿಂತ ಬಿಸಿಯಾದ ಗಾಳಿ ವೇಗವಾಗಿ ಬೀಸಿದಷ್ಟೂ ದೇಹಕ್ಕೆ ಕಾವನ್ನು ತುಂಬುತ್ತದೆ, ನೀರಿನ ಅಂಶವನ್ನು ಹೀರಿಕೊಳ್ಳುತ್ತದೆ. ಕಾಲಿನ ಬಳಿ ಎಂಜಿನ್ನಿನ ರೆಕ್ಕೆಗಳ ಶಾಖ ಬೇರೆ. ಕಿವಿ, ಮೂಗು, ಬಾಯಿಗಳನ್ನು ಮುಚ್ಚುವಂತೆ ದಸ್ತಿ ಸುತ್ತಿಕೊಂಡು, ಪೂರ್ತಿ ತೋಳಿನ ಅಂಗಿ ತೊಟ್ಟು ಗಾಡಿ ಏರುವ ನಮ್ಮ ರೈತ ಭೌತಶಾಸ್ತ್ರವನ್ನು ಓದದೆಯೇ ಅರಿತಿದ್ದಾನೆ. ಬಿಸಿಲ ನಾಡಿನಲ್ಲಿ ಮೈ ಮುಚ್ಚಿಕೊಂಡವನೇ ತಂಪಾಗಿರುತ್ತಾನೆ.

ಮಳೆಗಾಲದ ಪಾಠ ಎರೆಮಣ್ಣಿನದು. ಒಂದು ಮಳೆ ಬಿದ್ದ ಮೇಲೆ ಹೊಲದ ದಾರಿಗೆ ಗಾಡಿ ಇಳಿಸಿದರೆ ಮಣ್ಣು ಟೈರಿಗೆ ಸುತ್ತಿಕೊಂಡು ಮಡ್‌ಗಾರ್ಡಿನ ಸಂದಿಯಲ್ಲಿ ಗಟ್ಟಿಯಾಗಿ ಕೂತು ಚಕ್ರವೇ ತಿರುಗದಂತೆ ಹಿಡಿಯುತ್ತದೆ. ಆಗ ಇಳಿದು ಕಡ್ಡಿಯಿಂದ ಕೆತ್ತಬೇಕು. ಕೈಗೆ ಎಟಕುವ ಬತ್ತಲೆ ಗಾಡಿಯಲ್ಲಿ ಈ ಕೆಲಸ ಸಾಧ್ಯ. ಕೆಳಗಿನವರೆಗೆ ಇಳಿದ ಕವಚದ ಗಾಡಿಯಲ್ಲಿ ಅದೊಂದು ಶಿಕ್ಷೆ. ಹೀಗೆ ನೋಡಿದರೆ ನಮ್ಮ ಭಾಗಕ್ಕೆ ಬತ್ತಲೆ ಗಾಡಿ ಶೋಕಿಯ ವಸ್ತುವಲ್ಲ. ನೆಲಕ್ಕೆ ಹೊಂದಿಕೊಂಡ ಉಪಕರಣ.

ಸವಾರನ ಬತ್ತಲೆತನ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತ್ತು, ಚಿಂಚೋಳಿ ಅವುಗಳಲ್ಲೊಂದು. ಅಂಥ ತಾಲ್ಲೂಕಿನ ಹಳ್ಳಿಗಳಲ್ಲಿ ಮೋಟಾರ್‌ಸೈಕಲ್ ಎಂದರೆ ಆಸ್ಪತ್ರೆ, ಪದವಿ ಕಾಲೇಜು, ಸಂತೆ, ಕಾರ್ಖಾನೆಯ ಪಾಳಿ. ಬಸ್ಸು ಬರುವ ವೇಳೆಗೆ ಬದುಕು ಕಾಯುವುದಿಲ್ಲ. ದೇಶದಲ್ಲಿ ದ್ವಿಚಕ್ರ ಮೋಟಾರು ವಾಹನ ಹೊಂದಿದ ಕುಟುಂಬಗಳ ಪ್ರಮಾಣ 2001ರ ಜನಗಣತಿಯಲ್ಲಿ ಶೇ 11.7ರಷ್ಟಿದ್ದುದು 2011ರಲ್ಲಿ ಶೇ 21ಕ್ಕೆ ಏರಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಅದು ಸುಮಾರು ಅರ್ಧದಷ್ಟು ಕುಟುಂಬಗಳನ್ನು ತಲುಪಿತ್ತು. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಗಾಡಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಕೊಳ್ಳುವವರು ಇನ್ನೂ ಹೆಚ್ಚುತ್ತಾರೆ.

ಇದರ ಇನ್ನೊಂದು ಮುಖವನ್ನು ನೋಡಬೇಕು. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ 74,897 ಮಂದಿ, ಅಂದರೆ ಶೇ 44ಕ್ಕೂ ಹೆಚ್ಚು, ದ್ವಿಚಕ್ರ ವಾಹನಗಳಲ್ಲಿದ್ದವರು. ಕಾರಿನವನ ಸುತ್ತ ಉಕ್ಕಿನ ಗೂಡಿದೆ, ಬೆಲ್ಟಿದೆ, ಗಾಳಿಚೀಲವಿದೆ. ಮೋಟಾರ್‌ಸೈಕಲ್ ಸವಾರನ ಸುತ್ತ ಏನೂ ಇಲ್ಲ. ಫೇರಿಂಗ್ ಇದ್ದರೂ ಅದು ಗಾಳಿಯನ್ನು ತಡೆಯುತ್ತದೆಯೇ ಹೊರತು ಲಾರಿಯನ್ನು ತಡೆಯುವುದಿಲ್ಲ. ಈ ಅರ್ಥದಲ್ಲಿ ದೇಶದ ಎಲ್ಲ ದ್ವಿಚಕ್ರ ಸವಾರರೂ ಬತ್ತಲೆಯೇ.

ನಮ್ಮ ರಸ್ತೆಗಳು ಈ ಬತ್ತಲೆತನವನ್ನು ಲೆಕ್ಕಕ್ಕೆ ತೆಗೆದುಕೊಂಡು ಆದವುಗಳಲ್ಲ. ಪದೇ ಪದೇ ಡಾಂಬರು ಹಾಕಿ ರಸ್ತೆಯ ಮಟ್ಟ ಏರುತ್ತದೆ, ಪಕ್ಕದ ಮಣ್ಣು ಹಾಗೆಯೇ ಉಳಿಯುತ್ತದೆ. ಎದುರಿನಿಂದ ಸಿಮೆಂಟ್ ಲಾರಿ ಬಂದಾಗ ಅಂಚಿಗೆ ಸರಿದ ಸವಾರನ ಮುಂದಿನ ಚಕ್ರ ಆ ಮೆಟ್ಟಿಲಿನಿಂದ ಜಾರಿದರೆ ಮುಗಿಯಿತು. ಭಾರಿ ಲಾರಿ ಹಾದುಹೋದಾಗ ಅದರ ಗಾಳಿಯೇ ಹಗುರ ಗಾಡಿಯನ್ನು ಅತ್ತಿತ್ತ ಎಳೆಯುತ್ತದೆ. ಸುಗ್ಗಿಯ ಕಾಲದಲ್ಲಿ ತೊಗರಿ, ಜೋಳದ ರಾಶಿಯನ್ನು ರಸ್ತೆಯ ಮೇಲೆಯೇ ಹರಡುತ್ತಾರೆ. ಕಾರು ದಾಟಿದರೆ ಕಾಳು ಉದುರುತ್ತದೆ, ರೈತನಿಗೆ ಒಕ್ಕಣೆಯ ಖರ್ಚು ಉಳಿಯುತ್ತದೆ. ಆದರೆ ಒಣಕಡ್ಡಿಯ ಹಾಸಿನ ಮೇಲೆ ಬ್ರೇಕ್ ಹಾಕಿದ ಮೋಟಾರ್‌ಸೈಕಲ್ ನಿಲ್ಲುವುದಿಲ್ಲ. ಇದರಲ್ಲಿ ರೈತನನ್ನಷ್ಟೇ ದೂರುವುದು ನ್ಯಾಯವಲ್ಲ; ಕಣ ಇಲ್ಲದವನು ಎಲ್ಲಿ ಒಕ್ಕಬೇಕು? ಬಣ್ಣ ಬಳಿಯದ ರಸ್ತೆ ಉಬ್ಬುಗಳು, ಹಿಂದೆ ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದೆ ಕತ್ತಲಲ್ಲಿ ಸಾಗುವ ಟ್ರ್ಯಾಕ್ಟರ್ ಟ್ರೇಲರುಗಳು ಈ ಪಟ್ಟಿಗೆ ಸೇರುತ್ತವೆ. ಒಬ್ಬರು ಉಳಿಸಿದ ಖರ್ಚನ್ನು ಮತ್ತೊಬ್ಬರು ತಮ್ಮ ಎಲುಬಿನಿಂದ ತೆರುವುದನ್ನು ಅರ್ಥಶಾಸ್ತ್ರ ಬಾಹ್ಯ ವೆಚ್ಚ ಎನ್ನುತ್ತದೆ.

ಸವಾರನ ಹೊಣೆಯೂ ಚಿಕ್ಕದಲ್ಲ. ಹೆಲ್ಮೆಟ್ ಧರಿಸಿದರೆ ಸಾವಿನ ಸಂಭವ ಸುಮಾರು ಶೇ 40ರಷ್ಟು, ತಲೆಗೆ ಪೆಟ್ಟಾಗುವ ಸಂಭವ ಶೇ 70ರ ಹತ್ತಿರ ತಗ್ಗುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದಿಂದ ಹೇಳುತ್ತ ಬಂದಿರುವ ಮಾತು. 2016ರಲ್ಲಿ ರಾಜ್ಯ ಸರ್ಕಾರ ಹಿಂಬದಿ ಸವಾರರಿಗೂ ಅದನ್ನು ಕಡ್ಡಾಯ ಮಾಡಿತು. ಆದರೂ ದಂಡ ತಪ್ಪಿಸಲು ಸಾಕಾಗುವ ಅರ್ಧ ಟೊಪ್ಪಿಗೆಯನ್ನು ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಹೋಗುವುದು ಜಿಲ್ಲೆಯಲ್ಲಿ ಸಾಮಾನ್ಯ ದೃಶ್ಯ. ಒಂದು ಕಡೆಗೆ ಕಾಲಿಟ್ಟು ಕೂತ ಹೆಣ್ಣುಮಕ್ಕಳ ಸೀರೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಾವಳಿಯ 123ನೇ ನಿಯಮ ಹೇಳುತ್ತದೆ. ಗಾಡಿ ಇನ್ನಷ್ಟು ಬತ್ತಲೆಯಾಗಿ ಕಾಣಲೆಂದು ಯುವಕರು ಮೊದಲು ಬಿಚ್ಚಿಸುವುದು ಆ ಸೀರೆ ಜಾಲರಿಯನ್ನೇ. ಯಂತ್ರದ ಅಂದಕ್ಕಾಗಿ ಹಿಂದೆ ಕೂರುವವರ ರಕ್ಷಣೆಯನ್ನು ಬಿಚ್ಚಿ ಎಸೆಯುವುದು ಈ ಗಾಡಿಯ ತತ್ತ್ವವನ್ನೇ ತಿರುಚಿದಂತೆ.

ಆಗಬೇಕಾದ ಕೆಲಸ

ಆಗಬೇಕಾದುದು ದೊಡ್ಡ ಯೋಜನೆಯಲ್ಲ. ಹೊಸ ಡಾಂಬರು ಹಾಕುವ ಪ್ರತಿ ಕಾಮಗಾರಿಯ ಅಂದಾಜಿನಲ್ಲಿ ಅಂಚಿನ ಮಣ್ಣು ತುಂಬುವ ಬಾಬ್ತು ಸೇರಿರಬೇಕು. ಅದು ಪೂರ್ಣವಾಗದೆ ಬಿಲ್ ಪಾವತಿಯಾಗಬಾರದು. ಪ್ರತಿ ಗ್ರಾಮ ಪಂಚಾಯಿತಿಗೆ ಒಂದಾದರೂ ಫರಸಿ ಹಾಸಿದ ಸಾಮೂಹಿಕ ಒಕ್ಕಣೆ ಕಣ ಬೇಕು; ಕಲ್ಲು ನಮ್ಮ ಜಿಲ್ಲೆಯಲ್ಲಿಯೇ ಇದೆ. ಗಾಡಿ ಮಾರುವಾಗ ಐಎಸ್‌ಐ ಗುರುತಿನ ಹೆಲ್ಮೆಟ್ಟನ್ನೂ ಒದಗಿಸಬೇಕೆಂಬ ನಿಯಮ ಈಗಾಗಲೇ ಇದೆ. ಅದು ನೋಂದಣಿಯ ಮೇಜಿನ ಬಳಿ ಪರಿಶೀಲನೆಯಾಗಲಿ. ತಾಲ್ಲೂಕು ಐಟಿಐಗಳಲ್ಲಿ ಹಳ್ಳಿಯ ಮಿಸ್ತ್ರಿಗಳಿಗೆ ಇಂಧನ ಇಂಜೆಕ್ಷನ್ ಕುರಿತ ಕಿರು ತರಬೇತಿ ನಡೆಯಲಿ, ದೋಷ ಓದುವ ಉಪಕರಣ ಅವರಿಗೂ ದೊರೆಯಲಿ. ಸಂವಿಧಾನದ 371 (ಜೆ) ವಿಧಿಯ ಬಲದಿಂದ ರೂಪುಗೊಂಡ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಇಂಥ ಕೆಲಸಗಳಿಗೆ ಬೇಕಾಗುವ ಪಾಲು ಅತ್ಯಲ್ಪ.

ಬತ್ತಲೆ ಮೋಟಾರ್‌ಸೈಕಲ್ ಇಟ್ಟುಕೊಳ್ಳಬೇಕೆಂದಿರುವ ಯುವಕರಿಗೆ ಹೇಳಬೇಕಾದುದೂ ಇಷ್ಟೇ. ಗಾಡಿಯ ಮೇಲೆ ಏನನ್ನೂ ಮುಚ್ಚಬೇಡಿ. ಎಣ್ಣೆ ಜಿನುಗಿದರೆ ಕಾಣಲಿ, ತುಕ್ಕು ಹಿಡಿದರೆ ಕಾಣಲಿ. ನಿಮ್ಮ ಮೈಯ ಮೇಲೆ ಮಾತ್ರ ಎಲ್ಲವನ್ನೂ ಮುಚ್ಚಿಕೊಳ್ಳಿ: ತಲೆಗೆ ಪೂರ್ಣ ಹೆಲ್ಮೆಟ್, ಕೈಗೆ ಕವಸು, ಕಾಲಿಗೆ ಬೂಟು, ಮೈಗೆ ದಪ್ಪ ಬಟ್ಟೆ. ಹಿಂದೆ ಕೂರುವವರಿಗೂ ಅದನ್ನೇ ಕೊಡಿಸಿ. ಉಳಿದ ಹೊದಿಕೆಯನ್ನು, ಅಂದರೆ ಸಮತಟ್ಟಾದ ಅಂಚನ್ನು, ಕಾಣುವ ಉಬ್ಬನ್ನು, ದೀಪವಿರುವ ಟ್ರೇಲರನ್ನು ಒದಗಿಸುವುದು ತೆರಿಗೆ ಪಡೆಯುವ ಸರ್ಕಾರದ ಕರ್ತವ್ಯ. ದೇಶದ ಅರ್ಧದಷ್ಟು ಕುಟುಂಬಗಳು ಎರಡು ಚಕ್ರಗಳ ಮೇಲೆ ಬದುಕು ಸಾಗಿಸುತ್ತಿರುವಾಗ ರಸ್ತೆಯನ್ನು ನಾಲ್ಕು ಚಕ್ರದವರಿಗಾಗಿಯೇ ಅಳೆಯುವ ಅಭ್ಯಾಸವನ್ನು ನಮ್ಮ ಎಂಜಿನಿಯರುಗಳೂ ಆಡಳಿತಗಾರರೂ ಬಿಡಬೇಕಾಗಿದೆ.